ಕ್ರೂಸ್ ಡೈರೆಕ್ಟರ್ ಚೆನ್ನಾಗಿದ್ದರೆ ಮಾತ್ರ ಪ್ರವಾಸ ಚೆನ್ನಾಗಿರುತ್ತದೆಯೇ?

ಕ್ರೂಸ್ ಹಡಗಿನಲ್ಲಿ ಒಂದು ವಾರ ಕಳೆದು ಬಂದವರ ಜೊತೆ ಮಾತಿಗೆ ಕೂತು ನೋಡಿ. ಊಟ, ಈಜುಕೊಳ, ಸಮುದ್ರದ ಸೂರ್ಯಾಸ್ತದ ವರ್ಣನೆ ಮುಗಿದ ಮೇಲೆ ಒಬ್ಬ ವ್ಯಕ್ತಿಯ ವಿಷಯ ಬಂದೇ ಬರುತ್ತದೆ. ಬೆಳಿಗ್ಗೆ ಸ್ಪೀಕರಿನಲ್ಲಿ ಉತ್ಸಾಹದಿಂದ ಕೂಗಿ ಎಬ್ಬಿಸಿದವರು, ಮಧ್ಯಾಹ್ನ ಕೊಳದ ಪಕ್ಕ ಆಟ ಆಡಿಸಿದವರು, ರಾತ್ರಿ ರಂಗಮಂಚದ ಮೇಲೆ ಜೋಕು ಹೇಳಿದವರು. ಅವರೇ ಕ್ರೂಸ್ ಡೈರೆಕ್ಟರ್. 'ನಮ್ಮ ಡೈರೆಕ್ಟರ್ ಸೂಪರ್, ಅದಕ್ಕೇ ಟ್ರಿಪ್ ಸೂಪರ್' ಎನ್ನುವವರು ಒಂದು ಕಡೆ. 'ಆತನಿಂದಲೇ ನಮ್ಮ ರಜೆ ಹಾಳಾಯಿತು' ಎನ್ನುವವರು ಇನ್ನೊಂದು ಕಡೆ. ಇದೇ ಮಾತು ಸಲಹೆಯ ರೂಪ ತಾಳಿ ಫೋನಿನಿಂದ ಫೋನಿಗೆ ಹರಿಯುತ್ತದೆ: ಹಡಗು ನೋಡಬೇಡಿ, ಡೈರೆಕ್ಟರ್ ಯಾರು ಅಂತ ನೋಡಿ ಬುಕ್ ಮಾಡಿ!

ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಅಪ್ಪ-ಅಮ್ಮನನ್ನು ಒಮ್ಮೆ ಸಮುದ್ರಯಾನಕ್ಕೆ ಕರೆದೊಯ್ಯಬೇಕು ಎಂದುಕೊಂಡವರಿಗೆ ಇಂಥ ಸಲಹೆ ಸಣ್ಣ ವಿಷಯವಲ್ಲ. ಹಾಗಾಗಿ ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ನೋಡೋಣ. ಪೂರ್ತಿ ಓದಲು ಸಮಯವಿಲ್ಲದವರಿಗೆ ನಮ್ಮ ಉತ್ತರ ಇಷ್ಟು: ದೊಡ್ಡ ಹಡಗಿನಲ್ಲಿ, ಎಲ್ಲವೂ ಸರಿಯಾಗಿ ನಡೆಯುವ ದಿನಗಳಲ್ಲಿ ಅವರ ಪಾತ್ರ ಜನ ಹೇಳುವುದಕ್ಕಿಂತ ಚಿಕ್ಕದು. ಏನಾದರೂ ಎಡವಟ್ಟಾದ ದಿನ ಅದು ಜನ ಊಹಿಸುವುದಕ್ಕಿಂತ ಬಹಳ ದೊಡ್ಡದು.

ಇಷ್ಟಕ್ಕೂ ಇವರು ಯಾರು?

'ಡೈರೆಕ್ಟರ್' ಎಂಬ ಪದ ಕೇಳಿ, ಹಡಗಿನಲ್ಲಿ ಕ್ಯಾಪ್ಟನ್ ಬಿಟ್ಟರೆ ಇವರೇ ಎಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ಕ್ಯಾಪ್ಟನ್ ನಂತರದ ಸ್ಥಾನ ಸ್ಟಾಫ್ ಕ್ಯಾಪ್ಟನ್‌ದು. ಯಂತ್ರಗಳೆಲ್ಲ ಚೀಫ್ ಎಂಜಿನಿಯರ್ ಕೈಯಲ್ಲಿ. ಕೋಣೆ, ಅಡುಗೆಮನೆ, ಬಾರ್, ಶುಚಿತ್ವ ಇವೆಲ್ಲ ಹೋಟೆಲ್ ಡೈರೆಕ್ಟರ್ ಹೊಣೆ. ಕ್ರೂಸ್ ಡೈರೆಕ್ಟರ್ ಸಾಮಾನ್ಯವಾಗಿ ಈ ಹೋಟೆಲ್ ಡೈರೆಕ್ಟರ್ ಅಡಿಯಲ್ಲಿ ಕೆಲಸ ಮಾಡುವ ಮನರಂಜನೆ ವಿಭಾಗದ ಮುಖ್ಯಸ್ಥರು. ನೃತ್ಯಗಾರರು, ವಾದ್ಯದವರು, ಡಿಜೆ, ಮಕ್ಕಳನ್ನು ಆಡಿಸುವ ತಂಡ, ರಂಗಮಂಚದ ಬೆಳಕು-ಧ್ವನಿಯವರು ಇವರ ಕೈಕೆಳಗೆ ಬರುತ್ತಾರೆ. ಮರುದಿನ ಎಷ್ಟು ಗಂಟೆಗೆ ಎಲ್ಲಿ ಏನು ನಡೆಯುತ್ತದೆ ಎಂಬ ವೇಳಾಪಟ್ಟಿ ಇವರ ಕಚೇರಿಯಿಂದಲೇ ಹೊರಡುತ್ತದೆ. ಹಿಂದೆ ಅದು ರಾತ್ರಿ ಕ್ಯಾಬಿನ್ ಬಾಗಿಲಿಗೆ ಬರುತ್ತಿದ್ದ ಮುದ್ರಿತ ಹಾಳೆ, ಈಗ ಬಹುತೇಕ ಕಂಪನಿಗಳಲ್ಲಿ ಮೊಬೈಲ್ ಆ್ಯಪ್.

ಮದುವೆಮನೆಗೆ ಹೋಲಿಸುವುದಾದರೆ ಇವರು ಅಡುಗೆ ಭಟ್ಟರೂ ಅಲ್ಲ, ಛತ್ರದ ಮಾಲೀಕರೂ ಅಲ್ಲ. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಮಾತಾಡಿಸಿ, ಪಂಕ್ತಿಗೆ ಕೂರಿಸಿ, ಮೈಕ್ ಹಿಡಿದು ಓಡಾಡುವ ಸೋದರಮಾವ. ಊಟಕ್ಕೆ ಉಪ್ಪು ಜಾಸ್ತಿಯಾದರೂ ಜನ ಬೈಯುವುದು ಅವರನ್ನೇ, ಏಕೆಂದರೆ ಕಣ್ಣಿಗೆ ಬೀಳುವವರು ಅವರೊಬ್ಬರೇ.

ಈ ಹುದ್ದೆಗೆ ಇಷ್ಟೊಂದು ಹೆಸರು ಬರಲು ಟಿವಿಯೂ ಕಾರಣ. 1977ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾದ 'ದಿ ಲವ್ ಬೋಟ್' ಧಾರಾವಾಹಿ ಸುಮಾರು ಒಂದು ದಶಕ ನಡೆಯಿತು. ಅದರಲ್ಲಿ ಜೂಲಿ ಮೆಕಾಯ್ ಎಂಬ ಕ್ರೂಸ್ ಡೈರೆಕ್ಟರ್ ಪಾತ್ರವಿತ್ತು. ಪ್ರಯಾಣಿಕರ ಹೆಸರು, ಮನೆಕಥೆ, ಮನಸ್ಸಿನ ನೋವು ಎಲ್ಲ ಆಕೆಗೆ ಗೊತ್ತು. ಧಾರಾವಾಹಿಗೆ ಆಧಾರವಾದ ಪುಸ್ತಕ ಬರೆದ ಜೆರಾಲ್ಡೀನ್ ಸಾಂಡರ್ಸ್ ಸ್ವತಃ ಹಡಗಿನಲ್ಲಿ ಆ ಕೆಲಸ ಮಾಡಿದ್ದವರು. ಆ ಕಾಲದ ಹಡಗುಗಳಲ್ಲಿ ಪ್ರಯಾಣಿಕರು ಕೆಲವೇ ನೂರು ಮಂದಿ ಇರುತ್ತಿದ್ದರು, ಹಾಗಾಗಿ ಅದು ತೀರಾ ಸುಳ್ಳೂ ಆಗಿರಲಿಲ್ಲ.

ಈಗಿನ ಲೆಕ್ಕ ಬೇರೆ. 2024ರ ಜನವರಿಯಲ್ಲಿ ಪ್ರಯಾಣ ಆರಂಭಿಸಿದ 'ಐಕಾನ್ ಆಫ್ ದ ಸೀಸ್' ಹಡಗಿನಲ್ಲಿ ಕ್ಯಾಬಿನ್ನಿಗೆ ಇಬ್ಬರಂತೆ ಹಿಡಿದರೂ 5,610 ಪ್ರಯಾಣಿಕರು. ಪೂರ್ತಿ ತುಂಬಿದರೆ 7,600. ಡೈರೆಕ್ಟರ್ ಪ್ರತಿಯೊಬ್ಬರ ಜೊತೆ ಒಂದೇ ಒಂದು ನಿಮಿಷ ಮಾತಾಡಲು ಹೊರಟರೆ 5,610 ಜನರಿಗೆ 93 ಗಂಟೆ ಬೇಕು. ಹಡಗಿನ ಕೆಲಸಗಾರರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ (2006ರದ್ದು, ಭಾರತವೂ ಒಪ್ಪಿಕೊಂಡಿದೆ) ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು ಎನ್ನುತ್ತದೆ. ವಾರದ 168 ಗಂಟೆಯಲ್ಲಿ ಅದನ್ನು ಕಳೆದರೆ ಉಳಿಯುವುದು 91. ಅಂದರೆ ಬೇರೆ ಯಾವ ಕೆಲಸವನ್ನೂ ಮಾಡದೆ, ಇರುವ ಸಮಯವನ್ನೆಲ್ಲ ಇದಕ್ಕೇ ಮೀಸಲಿಟ್ಟರೂ ನಿಮಗೊಂದು ನಿಮಿಷ ಕೊಡಲು ಅವರಿಂದ ಆಗುವುದಿಲ್ಲ. 'ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು' ಎಂದು ನಾವು ನೆನೆಯುವ ವ್ಯಕ್ತಿಯನ್ನು ನಾವು ನಿಜವಾಗಿ ಭೇಟಿ ಮಾಡಿರುವುದೇ ಅನುಮಾನ.

ಅವರ ಕೈಯಲ್ಲಿ ಇಲ್ಲದ್ದು

ಪ್ರವಾಸ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಹಲವು ಸಂಗತಿಗಳು ಇವರ ಹತ್ತಿರವೂ ಸುಳಿಯುವುದಿಲ್ಲ. ಹವಾಮಾನ, ಅಲೆಗಳ ಎತ್ತರ, ಕ್ಯಾಬಿನ್ ಎಲ್ಲಿದೆ ಎಂಬುದು, ಊಟ, ಪಕ್ಕದ ಕ್ಯಾಬಿನ್ನಿನವರ ಗಲಾಟೆ, ಜೊತೆಗೆ ಹೋದವರೊಡನೆ ನಮ್ಮ ಹೊಂದಾಣಿಕೆ. ದೊಡ್ಡ ರಂಗಪ್ರದರ್ಶನಗಳನ್ನೂ ಬಹುಪಾಲು ದಡದ ಮೇಲಿನ ಮುಖ್ಯ ಕಚೇರಿಯೇ ಆರಿಸಿ, ತರಬೇತಿ ಕೊಟ್ಟು ಕಳಿಸಿರುತ್ತದೆ. ಬಂದರಿಗೆ ಹೋಗುವುದೋ ಬಿಡುವುದೋ ಕ್ಯಾಪ್ಟನ್ ತೀರ್ಮಾನ.

ಇನ್ನೊಂದು ಸಂಗತಿಯಿದೆ. ನೆದರ್‌ಲ್ಯಾಂಡ್ಸ್‌ನ 1,530 ವಯಸ್ಕರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಜೆಗೆ ಹೊರಟವರು ಹೊರಡುವ ಮೊದಲೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಮುಂದಿನ ದಿನಗಳ ಕನಸೇ ಆ ಖುಷಿ ತಂದಿರಬಹುದು ಎಂಬುದು ಸಂಶೋಧಕರ ವಿವರಣೆ. ಹಿಂದಿರುಗಿದ ಮೇಲೆ, ತುಂಬ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಹೋಗಿ ಬಂದವರಿಗೂ ಹೋಗದವರಿಗೂ ಸಂತೋಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಡಗಿನ ಫೋಟೋ ನೋಡುತ್ತ, ಯಾವ ಬಟ್ಟೆ ಒಯ್ಯಬೇಕೆಂದು ಚರ್ಚಿಸುತ್ತ ಕಳೆದ ತಿಂಗಳುಗಳಲ್ಲೇ ಒಂದಷ್ಟು ಸುಖ ನಮ್ಮ ಪಾಲಿಗೆ ಬಂದಿರುತ್ತದೆ. ಅದರಲ್ಲಿ ಡೈರೆಕ್ಟರ್ ಪಾತ್ರ ಏನೂ ಇಲ್ಲ.

ಹಾಗಾದರೆ ಎಲ್ಲರೂ ಅವರನ್ನೇ ಏಕೆ ನೆನೆಯುತ್ತಾರೆ?

ಇದಕ್ಕೆ ಮನೋವಿಜ್ಞಾನದಲ್ಲಿ ಉತ್ತರವಿದೆ. ಜೇಮ್ಸ್ ಮೈಂಡಲ್ ಮತ್ತು ಸಂಗಡಿಗರು 1985ರಲ್ಲಿ ಒಂದು ವಿಚಾರ ಮಂಡಿಸಿದರು. ಒಂದು ಸಂಸ್ಥೆಯ ಸೋಲು-ಗೆಲುವಿಗೆ ಹತ್ತಾರು ಕಾರಣಗಳಿದ್ದರೂ ಜನ ಅದನ್ನು ನಾಯಕನ ತಲೆಗೆ ಕಟ್ಟುತ್ತಾರೆ, ಅದರಲ್ಲೂ ಫಲಿತಾಂಶ ತೀರಾ ಒಳ್ಳೆಯದೋ ತೀರಾ ಕೆಟ್ಟದೋ ಆಗಿದ್ದಾಗ ಇನ್ನೂ ಹೆಚ್ಚು. ಕ್ರಿಕೆಟ್ ತಂಡ ಗೆದ್ದಾಗ, ಸೋತಾಗ ನಾಯಕನ ಬಗ್ಗೆ ನಾವು ಆಡುವ ಮಾತು ನೆನಪಿಸಿಕೊಂಡರೆ ಸಾಕು. ಹಡಗಿನಲ್ಲಿ ಎಂಜಿನ್ ನೋಡುವವರು, ಪಾತ್ರೆ ತೊಳೆಯುವವರು, ಹಾಸಿಗೆ ಮಡಚುವವರು ಸಾವಿರಗಟ್ಟಲೆ ಇದ್ದಾರೆ. ಆದರೆ ದಿನಕ್ಕೆ ಹಲವು ಬಾರಿ ಕಿವಿಗೆ ಬೀಳುವ ದನಿ ಒಂದೇ. ಕೀರ್ತಿಯೂ ದೂರೂ ಅಲ್ಲಿಗೇ ಹೋಗುತ್ತದೆ.

ಎರಡನೆಯದು ನೆನಪಿನ ಆಟ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. 32 ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡ್ ಮುಗಿದ ಮೇಲೆ ಕೈ ತೆಗೆಯಲು ಬಿಡದೆ ಮತ್ತೆ 30 ಸೆಕೆಂಡ್ ಇಡಿಸಿದರು, ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಮೂರನೇ ಸಲ ಯಾವುದು ಬೇಕು ಎಂದು ಕೇಳಿದಾಗ ಮೂರನೇ ಎರಡರಷ್ಟು ಮಂದಿ ಉದ್ದದ್ದನ್ನೇ ಆರಿಸಿಕೊಂಡರು! ಒಟ್ಟು ನೋವು ಹೆಚ್ಚು, ಆದರೆ ಕೊನೆ ಸ್ವಲ್ಪ ಹಿತ. ಒಂದು ಅನುಭವವನ್ನು ನಾವು ಅಳೆಯುವುದು ಅದರ ತೀವ್ರ ಕ್ಷಣ ಮತ್ತು ಕೊನೆಯ ಕ್ಷಣಗಳಿಂದ, ಪೂರ್ತಿ ಅವಧಿಯ ಸರಾಸರಿಯಿಂದಲ್ಲ ಎಂಬುದು ಇದರಿಂದ ಹೊರಟ ತಿಳಿವಳಿಕೆ.

ಈಗ ಕ್ರೂಸ್ ಪ್ರವಾಸಕ್ಕೆ ಬನ್ನಿ. ಮೊದಲ ದಿನ ಹಡಗು ಹೊರಡುವಾಗಿನ ಡೆಕ್ ಪಾರ್ಟಿ, ನಡುವೆ ಒಂದು ಭರ್ಜರಿ ರಾತ್ರಿ, ಕೊನೆಗೆ ವಿದಾಯದ ಕಾರ್ಯಕ್ರಮ. ಮೂರರಲ್ಲೂ ಮೈಕ್ ಹಿಡಿದು ನಿಂತವರು ಕ್ರೂಸ್ ಡೈರೆಕ್ಟರ್. ನೆನಪಿನ ಆಲ್ಬಮ್ಮಿನಲ್ಲಿ ಉಳಿಯುವ ಪುಟಗಳಲ್ಲೆಲ್ಲ ಅವರ ಮುಖ ಇರುವಂತೆ ವೇಳಾಪಟ್ಟಿಯೇ ಇದೆ. ನಡುವಿನ ನೂರು ಗಂಟೆ ನಾವು ಏನು ಮಾಡಿದೆವು ಎಂಬುದು ಮಸುಕಾಗುತ್ತದೆ.

ಇದನ್ನು ಹೇಳಿದ ಮಾತ್ರಕ್ಕೆ ಅವರ ಕೆಲಸ ಬರೀ ಭ್ರಮೆ ಎಂದಲ್ಲ. ಒಬ್ಬರ ಮನಸ್ಥಿತಿ ಗುಂಪಿಗೆ ಅಂಟುತ್ತದೆ. ಸೀಗಲ್ ಬಾರ್ಸೇಡ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಣ್ಣ ಚರ್ಚಾ ಗುಂಪುಗಳೊಳಗೆ ತರಬೇತಿ ಪಡೆದ ನಟನೊಬ್ಬನನ್ನು ಸೇರಿಸಲಾಗಿತ್ತು. ಆತ ಉಲ್ಲಾಸದಿಂದಿದ್ದ ಗುಂಪುಗಳಲ್ಲಿ ಸಹಕಾರ ಹೆಚ್ಚಿತು, ಜಗಳ ಕಡಿಮೆಯಾಯಿತು. ನೂರಿನ್ನೂರು ಜನರ ಹಡಗಿನಲ್ಲಿ, ಒಂಟಿಯಾಗಿ ಬಂದವರನ್ನು ಒಂದು ಮೇಜಿಗೆ ಕೂರಿಸಿ ಪರಿಚಯ ಮಾಡಿಸುವ ಡೈರೆಕ್ಟರ್ ಸಿಕ್ಕರೆ ಅವರ ಪ್ರವಾಸವೇ ಬೇರೆಯಾಗುತ್ತದೆ. ಅಂಟಾರ್ಕ್ಟಿಕಾಕ್ಕೆ ಹೋಗುವ ಹಡಗುಗಳಲ್ಲಿ ಇದೇ ಬಗೆಯ ಜಾಗದಲ್ಲಿ ಎಕ್ಸ್‌ಪೆಡಿಷನ್ ಲೀಡರ್ ಇರುತ್ತಾರೆ. ಅಲ್ಲಿ ಒಂದು ಜಾಗದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಯಾವ ಗುಂಪು ಯಾವಾಗ, ಎಲ್ಲಿ ಇಳಿಯಬೇಕು ಎಂದು ಕ್ಯಾಪ್ಟನ್ ಜೊತೆ ಕೂತು ಯೋಜಿಸುವವರು ಅವರು. ಅಂಥ ಪ್ರವಾಸದಲ್ಲಿ ಆ ಹುದ್ದೆಯಲ್ಲಿ ಯಾರಿದ್ದಾರೆ ಎಂಬುದು ನಿಜಕ್ಕೂ ಮುಖ್ಯ.

ದೊಡ್ಡ ಹಡಗಿನಲ್ಲೂ ಅವರ ಕಸುಬು ಬೆಳಕಿಗೆ ಬರುವ ಒಂದು ಸಂದರ್ಭವಿದೆ. ಗಾಳಿ ಜೋರಾಗಿದೆ, ನಾಳಿನ ಬಂದರು ರದ್ದು ಎಂದು ಕ್ಯಾಪ್ಟನ್ ಘೋಷಿಸುತ್ತಾರೆ. ಮುನಿಸಿಕೊಂಡ ಸಾವಿರಾರು ಜನ ಇಡೀ ದಿನ ಹಡಗಿನೊಳಗೇ ಇರಬೇಕು. ರಾತ್ರೋರಾತ್ರಿ ಆ ದಿನಕ್ಕೆ ಹೊಸ ಕಾರ್ಯಕ್ರಮ ಹೆಣೆದು, ರಜೆಯಲ್ಲಿದ್ದ ವಾದ್ಯದವರನ್ನು ಕರೆದು, ಮಕ್ಕಳಿಗೆ ಬೇರೆ, ಹಿರಿಯರಿಗೆ ಬೇರೆ ಜಾಗ ಹೊಂದಿಸಿ ಬೆಳಿಗ್ಗೆ ನಗುಮುಖದಿಂದ ನಿಲ್ಲುವುದು ಸುಲಭವಲ್ಲ. ಆ ನಗುವಿಗೂ ಬೆಲೆಯಿದೆ. ವಿಮಾನ ಪರಿಚಾರಕಿಯರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಇದನ್ನು 'ಭಾವನೆಯ ದುಡಿಮೆ' ಎಂಬರ್ಥದ ಹೆಸರಿನಿಂದ ಕರೆದರು. ಮನಸ್ಸಿನಲ್ಲಿ ಏನೇ ಇದ್ದರೂ ಮುಖದ ಮೇಲೆ ಹರ್ಷ ಇರಲೇಬೇಕು ಎಂಬುದು ಸಂಬಳದ ಷರತ್ತು. ಹಡಗಿನವರಿಗೆ ಇದು ವಾರದ ರಜೆಯಿಲ್ಲದೆ ತಿಂಗಳುಗಟ್ಟಲೆ ನಡೆಯುತ್ತದೆ.

ಸ್ಪೀಕರಿನ ದನಿಗೆ ಜೀವದ ಬೆಲೆ ಬಂದ ದಿನ

1991ರ ಆಗಸ್ಟ್ 3. ಗ್ರೀಸ್‌ನ 'ಓಷಿಯಾನೋಸ್' ಹಡಗು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನಿಂದ ಡರ್ಬನ್ ಕಡೆಗೆ ಹೊರಟಿತ್ತು. ಬಿರುಗಾಳಿ ಜೋರಾಗಿತ್ತು. ರಾತ್ರಿ ಎಂಜಿನ್ ಭಾಗಕ್ಕೆ ನೀರು ನುಗ್ಗಿ ವಿದ್ಯುತ್ ಹೋಯಿತು. ಅಧಿಕಾರಿಗಳಿಂದ ಪ್ರಯಾಣಿಕರಿಗೆ ಯಾವ ಘೋಷಣೆಯೂ ಬರಲಿಲ್ಲ. ಲೌಂಜಿನಲ್ಲಿ ಸೇರಿದ್ದ ಜನ ಗಾಬರಿಯಾಗದಿರಲೆಂದು ಮನರಂಜನೆ ತಂಡದವರು ಹಾಡು ಮುಂದುವರಿಸಿದರು. ಗಿಟಾರ್ ವಾದಕ ಮಾಸ್ ಹಿಲ್ಸ್ ಮತ್ತು ಜಾದೂಗಾರ ಜೂಲಿಯನ್ ಬಟ್ಲರ್ ಕೆಳಗಿಳಿದು ನೋಡಿದರೆ ನೀರು ಏರುತ್ತಿತ್ತು. ಸಿಬ್ಬಂದಿ ಲೈಫ್ ಜಾಕೆಟ್ ತೊಟ್ಟು ಹೊರಡಲು ಸಿದ್ಧರಾಗಿದ್ದರು.

ಆ ಹಡಗಿನ ಕ್ರೂಸ್ ಡೈರೆಕ್ಟರ್ ಲೊರೇನ್ ಬೆಟ್ಸ್. ಆಕೆ ಮತ್ತು ಮನರಂಜನೆ ತಂಡದವರು ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಲೈಫ್‌ಬೋಟ್ ಹತ್ತಿಸತೊಡಗಿದರು. ಹಡಗು ವಾಲಿದಂತೆ ಉಳಿದ ದೋಣಿಗಳನ್ನು ಇಳಿಸುವುದು ಅಸಾಧ್ಯವಾಯಿತು. ಕ್ಯಾಪ್ಟನ್ ಇರಬೇಕಾದ ಬ್ರಿಜ್‌ಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ. ರೇಡಿಯೋ ಹಿಡಿದು ಸಹಾಯ ಕೋರಿದವರು ಗಿಟಾರ್ ವಾದಕ! ಆ ಕಡೆಯ ಹಡಗಿನವರು ನಿಮ್ಮ ಹುದ್ದೆ ಏನು ಎಂದು ಕೇಳಿದಾಗ ಅವರು ಅದನ್ನೇ ಹೇಳಬೇಕಾಯಿತು. ಬೆಳಗಾದ ಮೇಲೆ ದಕ್ಷಿಣ ಆಫ್ರಿಕಾ ವಾಯುಪಡೆಯ ಹೆಲಿಕಾಪ್ಟರುಗಳು ಒಬ್ಬೊಬ್ಬರನ್ನೇ ಮೇಲೆತ್ತಿದವು. ಕ್ಯಾಪ್ಟನ್ ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಹೊರಟುಹೋಗಿದ್ದರು. ಗ್ರೀಸ್‌ನ ವಿಚಾರಣಾ ಮಂಡಳಿ ಮುಂದೆ ಅವರದ್ದೂ ಕೆಲವು ಅಧಿಕಾರಿಗಳದ್ದೂ ನಿರ್ಲಕ್ಷ್ಯ ಎಂದು ತೀರ್ಮಾನಿಸಿತು. ಆಗಸ್ಟ್ 4ರ ಮಧ್ಯಾಹ್ನ ಹಡಗು ಮುಳುಗಿತು. ಅದರಲ್ಲಿದ್ದ 571 ಜನರೂ ಬದುಕುಳಿದರು.

ಹಾಡುವವರು, ಜಾದೂ ಮಾಡುವವರು ಇದನ್ನು ಹೇಗೆ ಮಾಡಿದರು? ಒಂದು ಕಾರಣ ಸರಳ. ಗುಂಪನ್ನು ಒಂದು ಕಡೆ ಸೇರಿಸುವುದು, ಸಾಲು ಹಿಡಿಸುವುದು, ಗಟ್ಟಿಯಾದ ಆದರೆ ಶಾಂತ ದನಿಯಲ್ಲಿ ಮಾತಾಡುವುದು ಅವರ ದಿನನಿತ್ಯದ ಕೆಲಸ. ಪ್ರಯಾಣಿಕರಿಗೂ ಆ ಮುಖ, ಆ ದನಿ ಪರಿಚಿತ. ಬಿಂಗೋ ಆಡಿಸಿದವರು 'ಇಲ್ಲಿ ಬನ್ನಿ' ಎಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ.

ಇದೇ ನಂಬಿಕೆ ತಿರುಗುಬಾಣವೂ ಆಗಬಹುದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿಯಿತು. ಹಡಗಿನಲ್ಲಿ 4,229 ಜನರಿದ್ದರು. ಸ್ಪೀಕರಿನಲ್ಲಿ ಬಂದ ಮಾತು: ವಿದ್ಯುತ್ ತೊಂದರೆಯಷ್ಟೇ, ಎಲ್ಲ ಹತೋಟಿಯಲ್ಲಿದೆ. ಕೆಲವರಿಗೆ ಕ್ಯಾಬಿನ್ನಿಗೆ ಹಿಂದಿರುಗಿ ಎಂದೂ ಹೇಳಲಾಯಿತು. ಹಡಗು ತೊರೆಯಿರಿ ಎಂಬ ಆದೇಶ ಬರುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಕಳೆದಿತ್ತು. 32 ಜನ ಸತ್ತರು, ಅವರಲ್ಲಿ ಒಬ್ಬರು ಭಾರತೀಯ ಸಿಬ್ಬಂದಿ. ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ತಾಲೀಮು ಇನ್ನೂ ನಡೆದೇ ಇರಲಿಲ್ಲ. 2015ರಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿದ್ದು, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ತಾಲೀಮು ನಡೆಯಲೇಬೇಕು. ಇದಕ್ಕೆ ಮಸ್ಟರ್ ಡ್ರಿಲ್ ಎನ್ನುತ್ತಾರೆ. ಹಲವು ಹಡಗುಗಳಲ್ಲಿ ಅದರ ಘೋಷಣೆಯಲ್ಲೂ ನಿಮಗೆ ಕೇಳಿಸುವುದು ಕ್ರೂಸ್ ಡೈರೆಕ್ಟರ್ ದನಿಯೇ. ಬೇರೆಲ್ಲ ಕಾರ್ಯಕ್ರಮ ತಪ್ಪಿಸಿಕೊಂಡರೂ ಇದೊಂದನ್ನು ತಪ್ಪಿಸಿಕೊಳ್ಳಬೇಡಿ ಎನ್ನುತ್ತೇವೆ ನಾವು.

ಬುಕ್ ಮಾಡುವ ಮುನ್ನ

ಡೈರೆಕ್ಟರ್ ಹೆಸರು ನೋಡಿ ಹಡಗು ಆರಿಸುವುದರಲ್ಲಿ ಇನ್ನೊಂದು ತೊಡಕಿದೆ. ಇವರು ಸಾಮಾನ್ಯವಾಗಿ ಕೆಲವು ತಿಂಗಳ ಗುತ್ತಿಗೆಯ ಮೇಲೆ ಬಂದು, ರಜೆಗೆ ಹೋಗಿ, ಮುಂದಿನ ಬಾರಿ ಬೇರೆ ಹಡಗಿಗೆ ಹೋಗುತ್ತಾರೆ. ಈಗ ಬುಕ್ ಮಾಡಿ ಮುಂದಿನ ವರ್ಷ ಹೊರಡುವಾಗ ಆ ಹೆಸರಿನವರು ಅಲ್ಲಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಅದರ ಬದಲು ನೋಡಬೇಕಾದದ್ದು ಬೇರೆ ಇದೆ. ಮನೆಯ ಹಿರಿಯರಿಗೆ ಪ್ರಯಾಣದಲ್ಲಿ ತಲೆಸುತ್ತು, ವಾಂತಿ ಆಗುವುದಿದ್ದರೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಕೇಳಿ. ಅಲ್ಲಿ ತೂಗಾಟ ಕಡಿಮೆ. ಸಮುದ್ರದ ನೋಟವಿರುವ ಎತ್ತರದ ಡೆಕ್ಕಿನ ಮುಂತುದಿಯ ಕ್ಯಾಬಿನ್ ದುಬಾರಿಯೂ ಹೌದು, ಹೆಚ್ಚು ಕುಲುಕುವುದೂ ಅದೇ. ಎಷ್ಟು ದಿನ ಬಂದರಿನಲ್ಲಿ, ಎಷ್ಟು ದಿನ ಪೂರ್ತಿ ಸಮುದ್ರದಲ್ಲಿ ಎಂದು ಎಣಿಸಿ. ಸಮುದ್ರದ ದಿನಗಳು ಜಾಸ್ತಿಯಿದ್ದರೆ ಮಾತ್ರ ಮನರಂಜನೆ ತಂಡದ ಗುಣಮಟ್ಟಕ್ಕೆ ಹೆಚ್ಚು ತೂಕ ಕೊಡಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗಾದರೆ ಅಲ್ಲಿನ ಸಿಡಿಸಿ ಸಂಸ್ಥೆ ಶುಚಿತ್ವ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಅಂಕಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯುವುದೇ ಸರಿ.

ಹಿಂದಿರುಗಿದ ಮೇಲೆ ಕಂಪನಿಯಿಂದ ಅಭಿಪ್ರಾಯ ಕೇಳುವ ಇಮೇಲ್ ಬರುತ್ತದೆ. ಬಂದರು ತಪ್ಪಿದ ಸಿಟ್ಟನ್ನು ಡೈರೆಕ್ಟರ್ ಅಂಕದ ಮೇಲೆ ತೀರಿಸಬೇಡಿ. ಕ್ಯಾಬಿನ್ ಚೊಕ್ಕಟವಾಗಿಟ್ಟವರ, ಊಟ ಬಡಿಸಿದವರ ಹೆಸರು ನೆನಪಿದ್ದರೆ ಬರೆಯಿರಿ. ವಿದೇಶಿ ಕ್ರೂಸ್ ಹಡಗುಗಳ ಈ ವಿಭಾಗಗಳಲ್ಲಿ ನಮ್ಮ ಮಂಗಳೂರು, ಉಡುಪಿ, ಕಾರವಾರ ಕಡೆಯವರೂ ದುಡಿಯುತ್ತಿದ್ದಾರೆ.

ಇನ್ನು ಹಡಗು ಹತ್ತಿದ ದಿನ, ಪೆಟ್ಟಿಗೆ ಬಿಚ್ಚುವ ಮೊದಲು, ಕ್ಯಾಬಿನ್ ಬಾಗಿಲಿನ ಹಿಂಬದಿ ನೋಡಿ. ತುರ್ತಿನಲ್ಲಿ ನೀವು ಸೇರಬೇಕಾದ ಜಾಗದ ನಕ್ಷೆ ಅಲ್ಲಿರುತ್ತದೆ. ಅಲ್ಲಿಯವರೆಗೆ ಒಮ್ಮೆ ನಡೆದು ನೋಡಿ ಬನ್ನಿ, ಜೊತೆಗಿರುವ ಹಿರಿಯರನ್ನೂ ಕರೆದೊಯ್ಯಿರಿ. ಏಳು ಗಿಡ್ಡ ಸೀಟಿ, ಅದರ ಹಿಂದೆಯೇ ಒಂದು ಉದ್ದನೆಯ ಸೀಟಿ ಕೇಳಿಸಿದರೆ ಲಿಫ್ಟ್ ಹತ್ತಬೇಡಿ, ಮೆಟ್ಟಿಲಿನಿಂದ ನೇರ ಆ ಜಾಗಕ್ಕೆ ಹೋಗಿ.